ಎಚ್. ವಿ. ನಂಜುಂಡಯ್ಯ

ಹೆಬ್ಬಳಲು ವೇಲ್ಪನೂರು ನಂಜುಂಡಯ್ಯ (1860–1920) ಮೈಸೂರು ಸಂಸ್ಥಾನದ ನ್ಯಾಯಾಧೀಶರು, ಆಡಳಿತಗಾರರು ಹಾಗೂ ಕನ್ನಡ ಲೇಖಕರು. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾಗಿ, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾಗಿ (ಈಗಿನ ಕುಲಪತಿ ಹುದ್ದೆ) ಇವರ ಹೆಸರು ಪರಿಚಿತ. ಸಂಸ್ಥಾನದ ಬುಡಕಟ್ಟುಗಳು ಮತ್ತು ಜಾತಿಗಳ ಜೀವನಕ್ರಮವನ್ನು ವಿಸ್ತಾರವಾಗಿ ದಾಖಲಿಸುವ ಕಾರ್ಯವನ್ನು ಆರಂಭಿಸಿದವರೂ ಇವರೇ ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ.

ವೃತ್ತಿಜೀವನ

ಎಂ.ಎ. ಪದವೀಧರರಾಗಿದ್ದ ನಂಜುಂಡಯ್ಯನವರು ನ್ಯಾಯಾಂಗದಲ್ಲಿ ಮೇಲೇರಿ ಮೈಸೂರಿನ ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾದರು. ದಿವಾನರ ಕಾರ್ಯಕಾರಿ ಮಂಡಲಿಯ ಸದಸ್ಯರೂ ಆಗಿದ್ದರು. ಮಹಾರಾಜರಿಂದ 'ರಾಜಮಂತ್ರಪ್ರವೀಣ' ಬಿರುದನ್ನು ಪಡೆದರು. ಕಾನೂನನ್ನು ಕನ್ನಡದಲ್ಲಿ ತಿಳಿಸಲು 'ವ್ಯವಹಾರ ದೀಪಿಕೆ', 'ಲೇಖ್ಯಬೋಧಿನಿ' ಮುಂತಾದ ಗ್ರಂಥಗಳನ್ನು ರಚಿಸಿದರು. 1915ರಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರಥಮ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಇವರದು.

ಜನಾಂಗ ಸಮೀಕ್ಷೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಾದ್ಯಂತ ಕೈಗೊಂಡ ಜನಾಂಗ ಸಮೀಕ್ಷೆಯ ಮೈಸೂರು ಭಾಗದ ಹೊಣೆ ಇವರಿಗೆ ಬಂತು. ಹಾಸನ, ಮೈಸೂರು ಸೇರಿದಂತೆ ಎಂಟು ಜಿಲ್ಲೆಗಳು ಇದರ ವ್ಯಾಪ್ತಿಗೆ ಸೇರಿದ್ದವು. 1906ರಿಂದ ಒಂದೊಂದು ಸಮುದಾಯಕ್ಕೆ ಒಂದರಂತೆ ಕಿರುಹೊತ್ತಗೆಗಳು ಪ್ರಕಟವಾದವು. ಕುರುಬ, ಹೊಲೆಯ, ಮಾದಿಗ, ಬೇಡ, ಇರುಳಿಗ, ಕಾಡುಗೊಲ್ಲ ಮೊದಲಾದವರ ಕುಲವಿಭಾಗ, ಮದುವೆ, ಹೆರಿಗೆಯ ಸೂತಕ, ಶವಸಂಸ್ಕಾರ, ನ್ಯಾಯಪಂಚಾಯಿತಿ, ದೈವಾರಾಧನೆಗಳ ವಿವರಗಳು ಇವುಗಳಲ್ಲಿವೆ. ಇವನ್ನು ಪ್ರಾಥಮಿಕ ಆವೃತ್ತಿ ಎಂದೇ ಮುದ್ರಿಸಲಾಯಿತು; ತೀರ್ಪನ್ನು ಕಾಯ್ದಿರಿಸುವ ನ್ಯಾಯಾಧೀಶರ ಸ್ವಭಾವಕ್ಕೆ ಇದು ಒಪ್ಪುವಂಥದೇ.

ಕಾಡುಕುರುಬರನ್ನು ಕುರಿತ ಹೊತ್ತಗೆ ಇಂದಿಗೂ ಉಪಯುಕ್ತ. ಹೆಗ್ಗಡದೇವನಕೋಟೆಯ ಕಡೆಯ ಕಾಡಿನಲ್ಲಿ ಹಾಡಿಗಳನ್ನು ಕಟ್ಟಿಕೊಂಡು ಜೇನು, ಗೆಡ್ಡೆಗೆಣಸುಗಳನ್ನು ಸಂಗ್ರಹಿಸುತ್ತಿದ್ದ, ಆನೆಗಳ ಸ್ವಭಾವವನ್ನು ಬಲ್ಲ ಜೇನುಕುರುಬ ಮತ್ತು ಬೆಟ್ಟಕುರುಬರು ಈ ಹೆಸರಿನಡಿ ಬರುತ್ತಾರೆ. ಕುಮರಿ ಬೇಸಾಯಕ್ಕೆ ಅರಣ್ಯ ಇಲಾಖೆ ತಡೆಯೊಡ್ಡಿದ ಕಾಲವದು. ಮುಂದೆ ಕಬಿನಿ ಜಲಾಶಯ, ನಾಗರಹೊಳೆ ರಾಷ್ಟ್ರೀಯ ಉದ್ಯಾನಗಳಿಂದ ಅನೇಕ ಹಾಡಿಗಳು ನೆಲೆ ಕಳೆದುಕೊಂಡಿದ್ದರಿಂದ, ಹಳೆಯ ಬದುಕನ್ನು ಅರಿಯಲು ಇಂಥ ದಾಖಲೆಗಳೇ ಆಧಾರಗಳಲ್ಲೊಂದಾಗಿವೆ.

ಆದರೆ ಈ ಬರಹಗಳಿಗೆ ಮಿತಿಗಳೂ ಇವೆ. ಜನರನ್ನು ಜಾತಿಯ ಚೌಕಟ್ಟಿನಲ್ಲಿಟ್ಟು ನೋಡುವ ಆಡಳಿತದ ದೃಷ್ಟಿ ಇವುಗಳಲ್ಲಿ ಎದ್ದು ಕಾಣುತ್ತದೆ. ಕಾನೂನನ್ನು ಕನ್ನಡಕ್ಕೆ ತಂದ ಲೇಖಕರು ಕನ್ನಡ ನಾಡಿನ ಬುಡಕಟ್ಟುಗಳ ವಿಷಯವನ್ನು ಇಂಗ್ಲಿಷಿನಲ್ಲೇ ಬರೆದುದರಿಂದ, ಯಾರ ಬದುಕು ಅಲ್ಲಿ ವರ್ಣಿತವಾಗಿತ್ತೋ ಅವರಿಗೆ ಅದು ಎಟುಕಲಿಲ್ಲ.

ನಿಧನಾನಂತರ

ಸಮೀಕ್ಷೆಯನ್ನು ಬೃಹದ್ಗ್ರಂಥವಾಗಿ ಕಾಣುವ ಮೊದಲೇ, 1920ರಲ್ಲಿ ನಂಜುಂಡಯ್ಯನವರು ತೀರಿಕೊಂಡರು. ಕೊಚ್ಚಿ ಸಂಸ್ಥಾನದ ಬುಡಕಟ್ಟುಗಳ ಅಧ್ಯಯನದಿಂದ ಖ್ಯಾತರಾಗಿದ್ದ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅದನ್ನು ಮುಂದುವರಿಸಿ ಪೂರ್ಣಗೊಳಿಸಿದರು. 'ಮೈಸೂರು ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್' ಎಂಬ ನಾಲ್ಕು ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯವು 1928ರಿಂದ 1935ರ ಅವಧಿಯಲ್ಲಿ ಪ್ರಕಟಿಸಿತು. ಮೊದಲ ಸಂಪುಟವೇ ಕೊನೆಯಲ್ಲಿ ಹೊರಬಂದಿತು.