ನಾದಸಾಧಕ ಬೀಥೋವನ್

ಮಾನಸೋಲ್ಲಾಸದಲ್ಲಿ ಗೀತವಾದ್ಯಗಳನ್ನು ವಿವರಿಸಿದ ಮೂರನೆಯ ಸೋಮೇಶ್ವರನ ರಾಜಧಾನಿ ನಮ್ಮ ಬಸವಕಲ್ಯಾಣ. ದತ್ತಜಯಂತಿಯ ಉತ್ಸವದಲ್ಲಿ ಸಂಗೀತ ದರ್ಬಾರು ನಡೆಯುವ ಮಾಣಿಕನಗರವು ಹುಮನಾಬಾದಿನ ಮಗ್ಗುಲಲ್ಲೇ ಇದೆ. ನಾದಪ್ರಿಯರಾದ ನಾವು, ಕಿವಿಯನ್ನೇ ಕಳೆದುಕೊಂಡ ಲುಡ್ವಿಗ್ ವಾನ್ ಬೀಥೋವನ್ನರನ್ನು ಸ್ಮರಿಸುವುದು ಉಚಿತವೇ ಸರಿ.

1770ರ ಡಿಸೆಂಬರ್ 17ರಂದು ಜರ್ಮನಿಯ ಬಾನ್ ನಗರದಲ್ಲಿ ಜ್ಞಾನಸ್ನಾನ ಪಡೆದ ಇವರು, 1792ರಲ್ಲಿ ವಿಯೆನ್ನಾ ಸೇರಿ ಪಿಯಾನೋ ವಾದನದಿಂದ ಕೀರ್ತಿವಂತರಾದರು. ಮೂವತ್ತು ತುಂಬುವ ಮುನ್ನವೇ ಕಿವಿ ಮಂದವಾಯಿತು. ಮೊದಲು ವಾದ್ಯ ಹಾಗೂ ಕಂಠಗಳ ತಾರಸ್ವರಗಳು ಮರೆಯಾದವು, ಮೆಲುದನಿ ಕೇಳಿಸಿದರೂ ಪದಗಳು ತಿಳಿಯದಾದವು, ಕೂಗಿದರಂತೂ ಸಹಿಸಲಾಗದು. ಶ್ರವಣಯಂತ್ರ ಧರಿಸುವ ಇಂದಿನ ಹಿರಿಯರೂ ಬಲ್ಲ ಸಂಕಟವಿದು: ಸದ್ದು ಹೆಚ್ಚಿದ ಮಾತ್ರಕ್ಕೆ ಸ್ವರ ಸ್ಪಷ್ಟವಾಗದು. 1802ರಲ್ಲಿ ಸಾವನ್ನೇ ಚಿಂತಿಸಿದ ಅವರನ್ನು ತಡೆದುದು ಕಲೆಯೊಂದೇ.

ಯಂತ್ರಕುಶಲ ಮೆಲ್ಜೆಲ್ ಅವರು ಕಿವಿಗಿಡುವ ಲೋಹದ ತುತ್ತೂರಿಗಳನ್ನು ಮಾಡಿಕೊಟ್ಟರು. 1818ರಿಂದ ಬಂದವರು ಪುಸ್ತಕದಲ್ಲಿ ಬರೆದು ಸಂಭಾಷಿಸತೊಡಗಿದರು. ಆದರೂ ಮನದೊಳಗೆ ಆಲಿಸಿಯೇ ಅವರು ಬಲಿಪೂಜೆಯ ಮಹಾಗಾನ 'ಮಿಸ್ಸಾ ಸೋಲೆಮ್ನಿಸ್' ರಚಿಸಿದರು. ಅದರ ಮೂರು ಭಾಗಗಳೂ ಒಂಬತ್ತನೆಯ ಸಿಂಫನಿಯೂ 1824ರ ಮೇ 7ರಂದು ವಿಯೆನ್ನಾದಲ್ಲಿ ಮೊಳಗಿದವು. ಸಭೆಯ ಕರತಾಡನ ಕೇಳಿಸದ ಅವರನ್ನು ಗಾಯಕಿಯೊಬ್ಬರು ಜನರತ್ತ ತಿರುಗಿಸಬೇಕಾಯಿತು. 1827ರ ಮಾರ್ಚ್ 26ರಂದು ಅವರು ನಿಧನರಾದರು.

ನಮ್ಮ ನಡುವಿನ ಶ್ರವಣಮಂದ ಹಿರಿಯರಿಗೆ ಧ್ವನಿವರ್ಧಕದ ಅಬ್ಬರಕ್ಕಿಂತ, ಎದುರು ಕುಳಿತು ನಿಧಾನವಾಗಿ ನುಡಿದ ಮಾತೇ ಮೇಲೆಂಬುದನ್ನು ನಾವು ಮರೆಯದಿರೋಣ.