ಎರಡು ವೀಕೆಂಡ್ ಹಾಳಾಗಿದ್ದಕ್ಕೆ ಹುಟ್ಟಿದ ಕೋಡು

ಪರೀಕ್ಷೆಗೆ ಓದುವಾಗ ನಮಗೆಲ್ಲ ಹ್ಯಾಮಿಂಗ್ ಅಂದ್ರೆ ಒಂದು ಕೋಡು, ಗ್ಯಾರಂಟಿ ಬರೋ ಒಂದು ಪ್ರಶ್ನೆ, ಅಷ್ಟೇ. ಆದ್ರೆ ಆ ಕೋಡಿನ ಹಿಂದೆ ಇರೋದು ಮಧ್ಯೆ ಮಧ್ಯೆ ಕೈಕೊಡುತ್ತಿದ್ದ ಒಂದು ಮೆಷೀನು, ಮತ್ತು ಅದರ ಮೇಲೆ ಸಿಟ್ಟಾದ ಒಬ್ಬ ಮನುಷ್ಯ.

ರಿಚರ್ಡ್ ಹ್ಯಾಮಿಂಗ್ ಹುಟ್ಟಿದ್ದು 1915ರ ಫೆಬ್ರವರಿ 11ರಂದು, ಅಮೆರಿಕದ ಶಿಕಾಗೋದಲ್ಲಿ. ಇಂಜಿನಿಯರ್ ಆಗಬೇಕೆಂಬ ಆಸೆ ಇತ್ತು, ಓದಿಸೋಕೆ ದುಡ್ಡಿರಲಿಲ್ಲ. ಸ್ಕಾಲರ್‌ಶಿಪ್ ಕೊಟ್ಟ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ವಿಭಾಗವೇ ಇರಲಿಲ್ಲ. ಹಾಗಾಗಿ ಗಣಿತ ತಗೊಂಡರು. 1942ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಆಯಿತು. 1945ರಲ್ಲಿ ಲಾಸ್ ಅಲಾಮೋಸ್‌ಗೆ ಹೋದರು. ಅಣುಬಾಂಬಿನ ವಿಜ್ಞಾನಿಗಳಿಗೆ ಬೇಕಾದ ಲೆಕ್ಕಗಳನ್ನು ಮಾಡುವ ಐಬಿಎಂ ಯಂತ್ರಗಳನ್ನು ಓಡಿಸುತ್ತಾ ಇರೋದು ಅವರ ಕೆಲಸ. ಹೆಂಡತಿ ವಾಂಡಾ ಕೂಡ ಅಲ್ಲೇ ದುಡಿದರು.

1946ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಅಲ್ಲಿ ಮಾಡೆಲ್ 5 ಎಂಬ ಕಂಪ್ಯೂಟರ್ ಇತ್ತು. ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರದ ಕಾಲ; ಒಳಗೆಲ್ಲ ಸುಮಾರು 9000 ರಿಲೇಗಳ ಟಕಟಕ. ತಪ್ಪು ನಡೆದರೆ ತಾನೇ ಪತ್ತೆ ಹಚ್ಚುವಷ್ಟು ಬುದ್ಧಿ ಅದಕ್ಕಿತ್ತು. ವಾರದ ದಿನಗಳಲ್ಲಿ ನಿಂತರೆ ಆಪರೇಟರ್ ಬಂದು ಸರಿ ಮಾಡುತ್ತಿದ್ದರು. ಶನಿವಾರ, ಭಾನುವಾರ ಯಾರೂ ಇರುತ್ತಿರಲಿಲ್ಲ. ಆಗ ತಪ್ಪು ಕಂಡರೆ ಮೆಷೀನು ಆ ಕೆಲಸ ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಹ್ಯಾಮಿಂಗ್‌ಗೆ ಸಿಗುತ್ತಿದ್ದದ್ದು ವೀಕೆಂಡ್ ಮಾತ್ರ. 1947ರಲ್ಲಿ ಸತತ ಎರಡು ವಾರ, ಸೋಮವಾರ ಬಂದು ನೋಡಿದರೆ ಅವರ ಕೆಲಸ ಅರ್ಧಕ್ಕೇ ನಿಂತಿತ್ತು.

ಇಂಥ ಕಡೆ ಯಾರಾದರೂ ಬೈದು ಸುಮ್ಮನಾಗುತ್ತಾರೆ. ಹ್ಯಾಮಿಂಗ್ ಒಂದು ಪ್ರಶ್ನೆ ಹಿಡಿದುಕೊಂಡರು: ತಪ್ಪಾಗಿದೆ ಅಂತ ಮೆಷೀನಿಗೆ ಗೊತ್ತಾಗುತ್ತೆ ಅಂದಮೇಲೆ, ಎಲ್ಲಿ ತಪ್ಪಾಗಿದೆ ಅಂತ ಯಾಕೆ ಗೊತ್ತಾಗಬಾರದು?

ನಮ್ಮ ಕೊಡಗಿನ ಮಳೆಗೆ ಬಣ್ಣ ಹೋದ ಊರಿನ ಬೋರ್ಡನ್ನು ನೆನೆಸಿಕೊಳ್ಳಿ. ‘ಗೋಣಿಕೊಪ್ಪಲು’ ಎಂಬುದರಲ್ಲಿ ಒಂದಕ್ಷರ ಅಳಿಸಿದರೂ ನಾವು ಸರಿಯಾಗಿಯೇ ಓದುತ್ತೇವೆ, ಯಾಕಂದ್ರೆ ಅದನ್ನು ಹೋಲುವ ಇನ್ನೊಂದು ಊರಿಲ್ಲ. ಅದೇ ಕೆಎ 12 ಜೀಪಿನ ನಂಬರಿನಲ್ಲಿ ಒಂದಂಕಿಗೆ ಕೆಸರು ಮೆತ್ತಿದ್ದರೆ? ಹತ್ತರಲ್ಲಿ ಯಾವುದೂ ಆಗಿರಬಹುದು. ಅಂದರೆ ಸರಿಯಾದ ಪದಗಳು ಒಂದಕ್ಕೊಂದು ಸಾಕಷ್ಟು ದೂರ ಇದ್ದರೆ ಸಣ್ಣ ತಪ್ಪನ್ನು ತಿದ್ದಬಹುದು. ಹ್ಯಾಮಿಂಗ್ ಡಿಸ್ಟೆನ್ಸ್ ಅಂದ್ರೆ ಇದೇ ದೂರ.

ಅವರ ಉಪಾಯ ಹೀಗಿತ್ತು. 4 ಡೇಟಾ ಬಿಟ್‌ಗೆ 3 ಪರೀಕ್ಷಾ ಬಿಟ್ ಸೇರಿಸಿ 7 ಮಾಡೋದು. ಪರೀಕ್ಷಾ ಬಿಟ್‌ಗಳ ಜಾಗ 1, 2 ಮತ್ತು 4. ಒಂದೊಂದೂ ಕೆಲವು ಸ್ಥಾನಗಳನ್ನು ಕಾಯುತ್ತದೆ. ಓದುವಾಗ 1 ಮತ್ತು 4ರ ಪರೀಕ್ಷೆ ಮಾತ್ರ ತಪ್ಪಿದರೆ, ಎರಡನ್ನೂ ಕೂಡಿಸಿ: 5ನೇ ಬಿಟ್ ಕೆಟ್ಟಿದೆ. ಅದನ್ನು ತಿರುಗಿಸಿದರೆ ಆಯ್ತು. ಯಾವುದೂ ತಪ್ಪದಿದ್ದರೆ ಎಲ್ಲ ಸರಿ ಇದೆ ಅಂತ. ಪೇಟೆಂಟ್ ಕಾರಣಕ್ಕೆ ತಡವಾಗಿ, 1950ರಲ್ಲಿ ಈ ಲೇಖನ ಪ್ರಕಟವಾಯಿತು. ಅಷ್ಟರೊಳಗೆ ಬೆಲ್ ಲ್ಯಾಬ್ಸ್‌ನ ಜೊತೆಗಾರ ಕ್ಲಾಡ್ ಶ್ಯಾನನ್ ತಮ್ಮ 1948ರ ಪ್ರಸಿದ್ಧ ಲೇಖನದಲ್ಲಿ ಈ ಕೋಡನ್ನು ಹ್ಯಾಮಿಂಗ್ ಹೆಸರಿನಲ್ಲೇ ಉದಾಹರಣೆಯಾಗಿ ಕೊಟ್ಟಿದ್ದರು.

ಇವತ್ತು ಸರ್ವರ್‌ಗಳ ಇಸಿಸಿ ರ‍್ಯಾಮ್‌ನಲ್ಲಿ ಪ್ರತಿ 64 ಬಿಟ್‌ಗೆ 8 ಬಿಟ್ ಹೆಚ್ಚುವರಿ ಇರೋದು ಇದೇ ವಿಚಾರದ ಮುಂದುವರಿಕೆ. ಒಂದು ಬಿಟ್ ಕೆಟ್ಟರೆ ತಿದ್ದುತ್ತದೆ, ಎರಡು ಕೆಟ್ಟರೆ ಕೂಗಿ ಹೇಳುತ್ತದೆ. ನಾವು ಜೋಡಿಸುವ ಮಾಮೂಲಿ ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಈ ಕಾವಲು ಇರಲ್ಲ. ಸಂಘದ ಕೆಲಸಕ್ಕೆ ಬಿಡಿಭಾಗ ತಂದು ಜೋಡಿಸಿದ ನಮ್ಮ ಹೊಸ ಕಂಪ್ಯೂಟರ್ ಅದನ್ನೇ ತೋರಿಸಿತು. ಒಮ್ಮೆ ನೀಲಿ ಪರದೆ, ಒಮ್ಮೆ ತಾನಾಗೇ ರೀಸ್ಟಾರ್ಟ್, ಒಮ್ಮೆ ಎರಡು ದಿನ ಏನೂ ಇಲ್ಲ. ಮಳೆಗಾಲದ ಪೊನ್ನಂಪೇಟೆಯಲ್ಲಿ ಮೊದಲು ಕರೆಂಟಿನ ಮೇಲೇ ಅನುಮಾನ ತಾನೆ? ಯುಪಿಎಸ್ ಹಾಕಿದರೂ ಅದೇ ಕಥೆ. ಬಿಸಿ ನೋಡಿದೆವು, ಹೆಚ್ಚಿರಲಿಲ್ಲ. ಬಯೋಸ್‌ನಲ್ಲಿ ರ‍್ಯಾಮ್ ವೇಗವನ್ನು ಡಿಫಾಲ್ಟ್‌ಗೆ ಇಳಿಸಿದೆವು, ಆಗಲೂ ಹೋಗಲಿಲ್ಲ. ಆಮೇಲೆ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದಾಗ ತಪ್ಪುಗಳು ಸಾಲುಸಾಲಾಗಿ ಬಂದವು. ಎರಡು ಸ್ಟಿಕ್‌ಗಳನ್ನು ಒಂದೊಂದಾಗಿ, ಅದೇ ಸ್ಲಾಟಿಗೆ ಹಾಕಿ ನೋಡಿದೆವು. ಒಂದರಲ್ಲಿ ಮಾತ್ರ ತಪ್ಪು. ಸ್ಲಾಟ್ ಒಂದೇ ಆದ್ದರಿಂದ ಕೆಟ್ಟದ್ದು ಸ್ಟಿಕ್ಕೇ ಅಂತ ಖಾತ್ರಿಯಾಯಿತು. ವಾರಂಟಿಯಲ್ಲಿ ಬೇರೆ ಸಿಕ್ಕಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದ್ದರಿಂದ ಉತ್ತರ ಸಿಕ್ಕಿತು.

ಹ್ಯಾಮಿಂಗ್‌ಗೆ 1968ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಐಇಇಇ ಅವರ ಹೆಸರಲ್ಲೇ ಒಂದು ಪದಕ ಇಟ್ಟಿತು. ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ಶುಕ್ರವಾರ ಊಟ ಆದಮೇಲೆ ಅವರು ಮಾಮೂಲಿ ಕೆಲಸ ಬದಿಗಿಟ್ಟು ದೊಡ್ಡ ಪ್ರಶ್ನೆಗಳ ಬಗ್ಗೆ ಮಾತ್ರ ಯೋಚಿಸುತ್ತಿದ್ದರಂತೆ. 1976ರಲ್ಲಿ ಅಲ್ಲಿಂದ ನಿವೃತ್ತರಾಗಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾಪಡೆಯ ಸ್ನಾತಕೋತ್ತರ ಕಾಲೇಜಿಗೆ ಪಾಠ ಮಾಡಲು ಹೋದರು. 1998ರ ಜನವರಿ 7ರಂದು ತೀರಿಕೊಂಡರು. ಅದಕ್ಕೆ ಕೆಲವೇ ವಾರಗಳ ಹಿಂದಿನವರೆಗೂ ಪಾಠ ಮಾಡುತ್ತಿದ್ದರು.

ನಿಮ್ಮ ರೂಮಿನ ಸಿಸ್ಟಮ್ಮೂ ಹೀಗೇ ಆಡ್ತಾ ಇದ್ರೆ, ವಿಂಡೋಸ್ ಮತ್ತೆ ಹಾಕೋಕೆ ಮುಂಚೆ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ ಮಲಗಿ. ಬೆಳಿಗ್ಗೆ ಕಂಡದ್ದನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ.