ದಿನಕ್ಕೊಂದು ಗಿಡ

ಮಲೆನಾಡಿನ ನಂದಿಮರದ ತೊಗಟೆ ಕಾಗದದಂತೆ ಸುಲಿದು ಬೀಳುತ್ತದೆ. ಅದರಡಿಯ ನುಣುಪಾದ ಕಾಂಡ ದೂರದಿಂದಲೇ ಬೆಳ್ಳಗೆ ಹೊಳೆಯುತ್ತದೆ. ಒಣಗಿಸಿಟ್ಟ ರೆಂಬೆಯಲ್ಲಿ ಇಂತಹ ಸೊಬಗು ಉಳಿಯದು. ಅದನ್ನು ಕುಂಚವೇ ಹಿಡಿದಿಡಬೇಕು. ಮಲೆನಾಡಿನ ಸಸ್ಯಗಳಿಗೆ ಆ ಭಾಗ್ಯವನ್ನು ಒದಗಿಸಿದವರು ಹ್ಯೂ ಕ್ಲೆಗ್‌ಹಾರ್ನ್.

1820ರಲ್ಲಿ ಮದರಾಸಿನಲ್ಲಿ ಜನಿಸಿ, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದ ಅವರು 1840ರ ದಶಕದಲ್ಲಿ ಶಿವಮೊಗ್ಗೆಗೆ ವೈದ್ಯರಾಗಿ ಬಂದರು. ರೋಗಿಗಳ ಆರೈಕೆಯ ನಡುವೆಯೂ ದಿನಕ್ಕೊಂದು ಸಸ್ಯವನ್ನು ಪರಿಶೀಲಿಸುವ ವ್ರತವನ್ನು ಕೈಗೊಂಡು, ಮರಾಠಾ ಚಿತ್ರಕಾರನೊಬ್ಬನಿಂದ ಅವುಗಳ ವರ್ಣಚಿತ್ರಗಳನ್ನು ಬರೆಯಿಸಿದರು. ಗಿಡಮರಗಳನ್ನು ಹೀಗೆ ನಿತ್ಯವೂ ಕಂಡ ಕಣ್ಣಿಗೆ ಅವುಗಳ ಮೇಲೆ ಬೀಳುತ್ತಿದ್ದ ಕೊಡಲಿಯೂ ಕಾಣದಿರಲಿಲ್ಲ. 1851ರಲ್ಲಿ ಅರಣ್ಯನಾಶವನ್ನು ಕುರಿತ ವರದಿಯನ್ನು ಬ್ರಿಟನ್ನಿನ ವಿದ್ವಾಂಸರ ಮುಂದಿಟ್ಟರು. 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದರು.

1895ರಲ್ಲಿ ಅವರು ತೀರಿಕೊಂಡರು. ಅವರು ಬರೆಯಿಸಿದ ಚಿತ್ರಗಳು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಸುರಕ್ಷಿತವಾಗಿವೆ. ಶಿವಮೊಗ್ಗೆಯ ಆ ಚಿತ್ರಕಾರನ ಹೆಸರು ಮಾತ್ರ ದೊರೆಯದಿರುವುದು ವಿಷಾದಕರ.